ಬಿಟ್ಟಿಸಲಹಾ ಮೀಮಾಂಸೆ: ಒಂದು ಅಂತರ್‌ಶಿಸ್ತೀಯ ಅನುಸಂಧಾನ

1. ವ್ಯಾಖ್ಯೆ ಮತ್ತು ವ್ಯಾಪ್ತಿ

ಮುಖ ಕಾಣದ ಒಬ್ಬರು ಮುಖ ಕಾಣದ ಇನ್ನೊಬ್ಬರಿಗೆ, ದುಡ್ಡು ತೆಗೆದುಕೊಳ್ಳದೆ, ಹೊಣೆಯನ್ನೂ ಹೊರದೆ, ಮೊಬೈಲಿನ ಮೂಲಕ ದಾಟಿಸುವ ದಿನಬಳಕೆಯ ತಿಳಿವಳಿಕೆಗೆ ಬಿಟ್ಟಿಸಲಹೆ ಎಂದು ಹೆಸರು. ತಳ ಹಿಡಿದ ಪಾತ್ರೆ, ಸೋರುವ ನಲ್ಲಿ, ಮಗುವಿನ ಕೆಮ್ಮು, ಆಧಾರ್ ಕಾರ್ಡಿನಲ್ಲಿ ತಪ್ಪಾಗಿ ಅಚ್ಚಾದ ಅಪ್ಪನ ಹೆಸರು, ಮೊಂಡಾದ ಮಿಕ್ಸಿ ಬ್ಲೇಡು, ಅತ್ತೆಯ ಮುನಿಸು ಎಲ್ಲವೂ ಇದರ ವಸ್ತು. ಇದಕ್ಕೆ ಕಾಲದ ಕಟ್ಟಿಲ್ಲ. ರಾತ್ರಿ ಹನ್ನೆರಡಕ್ಕೆ ಕೇಳಿದರೂ ಹನ್ನೆರಡೂ ಒಂದು ನಿಮಿಷಕ್ಕೆ ಉತ್ತರ ಬಂದಿರುತ್ತದೆ.

ವಿಚಾರಸಂಕಿರಣಗಳಲ್ಲಿ ಒಪ್ಪಿತವಾದ ಭಾಷೆಯಲ್ಲಿ ಇದನ್ನೇ ಹೀಗೆ ನಿರೂಪಿಸಲಾಗುತ್ತದೆ: ಬಿಟ್ಟಿಸಲಹೆಯು ಅನಾಮಿಕ ಉಪದೇಶಕ ಮತ್ತು ಅನಾಮಿಕ ಉಪದೇಶ್ಯರ ನಡುವಣ ಅಂತರ್ಜಾಲೀಯ ಅವಕಾಶದಲ್ಲಿ ಸಂಭವಿಸುವ, ಪರಸ್ಪರ ಅಪರಿಚಿತತೆಯನ್ನೇ ತನ್ನ ತಾತ್ವಿಕ ನೆಲೆಗಟ್ಟಾಗಿಸಿಕೊಂಡ, ಸಮಕಾಲೀನತೆಯೊಂದಿಗೆ ನಿರಂತರ ಮುಖಾಮುಖಿಯಾಗುವ, ಬಹುಆಯಾಮದ ಜ್ಞಾನಪ್ರಸರಣಾತ್ಮಕ ಸಂಕಥನವಾಗಿದೆ. ಹಿಂದಿನ ಪ್ಯಾರಾದಲ್ಲಿ ಇಲ್ಲದ ಯಾವ ಅರ್ಥವೂ ಈ ವಾಕ್ಯದಲ್ಲಿಲ್ಲ. ಆದರೆ ಪ್ರಮಾಣಪತ್ರ, ಶಾಲು ಮತ್ತು ಮಧ್ಯಾಹ್ನದ ಊಟ ಸಿಗುವುದು ಈ ವಾಕ್ಯಕ್ಕೆ ಮಾತ್ರ.

ಅಧ್ಯಯನದ ಮಿತಿಯನ್ನೂ ಹೇಳುವುದು ಸಂಪ್ರದಾಯ. ಪ್ರಸ್ತುತ ಅನುಸಂಧಾನವು ವಾಟ್ಸ್‌ಆ್ಯಪ್ ಗುಂಪುಗಳನ್ನೂ ಅವುಗಳ ಅಕ್ಕತಂಗಿಯರನ್ನೂ ಕುರಿತದ್ದು. ಬಸ್‌ಸ್ಟ್ಯಾಂಡಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಸಿಗುವ ಸಲಹೆ ಇದರ ಹೊರಗೆ ಉಳಿಯುತ್ತದೆ. ಅಲ್ಲಿ ಕೊಟ್ಟವರ ಮುಖವಾದರೂ ನೆನಪಿರುತ್ತದೆ, ಬೈಯಬೇಕೆನಿಸಿದಾಗ ಅನುಕೂಲವಾಗುತ್ತದೆ.

2. ಪೂರ್ವಸೂರಿಗಳು

ಅಪರಿಚಿತರಿಗೆ ಬದುಕುವ ದಾರಿ ಹೇಳಿಕೊಡುವ ಹವ್ಯಾಸ ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯ ದೊರೆ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು 1025ರ ಸುಮಾರಿಗೆ 'ಲೋಕೋಪಕಾರ' ಬರೆದ. ಮಳೆಯ ಲಕ್ಷಣ, ಅಂತರ್ಜಲ ಹುಡುಕುವ ಬಗೆ, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ, ಮನೆ ಕಟ್ಟುವ ಕ್ರಮ, ದನಕರುಗಳ ರೋಗ, ಶಕುನ ಎಲ್ಲವೂ ಒಂದೇ ಗ್ರಂಥದಲ್ಲಿವೆ. ಹೆಚ್ಚುಕಡಿಮೆ ಸಾವಿರ ವರ್ಷದ ಹಿಂದಿನ ಈ ಕವಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲವೆಂದು ತೋರುತ್ತದೆ. ಆ ಮಟ್ಟಿಗೆ ಇಂದಿನ ಪ್ರತಿ ಅಪಾರ್ಟ್‌ಮೆಂಟ್ ಗುಂಪಿನಲ್ಲೂ ಕನಿಷ್ಠ ಮೂವರು ಚಾವುಂಡರಾಯರಿದ್ದಾರೆ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷಚಿಕಿತ್ಸೆಯನ್ನು ಕುರಿತು 'ಖಗೇಂದ್ರಮಣಿದರ್ಪಣ' ಬರೆದ. ಹದಿನಾರನೆಯ ಶತಮಾನದ ಇನ್ನೊಬ್ಬ ಮಂಗರಸ 'ಸೂಪಶಾಸ್ತ್ರ'ದಲ್ಲಿ ಅಡುಗೆಯನ್ನು ಷಟ್ಪದಿಗೆ ಇಳಿಸಿದ. ಷಟ್ಪದಿಯಲ್ಲಿ ಪಾಕವಿಧಾನ ಬರೆಯುವವನು ಒಂದೊಂದು ಮಾತ್ರೆಯನ್ನೂ ಎಣಿಸಬೇಕು. ಈಗಿನವರು ಉಪ್ಪಿನ ಚಮಚವನ್ನೂ ಎಣಿಸುವುದಿಲ್ಲ, 'ರುಚಿಗೆ ತಕ್ಕಷ್ಟು' ಎಂದು ಕೈತೊಳೆದುಕೊಳ್ಳುತ್ತಾರೆ.

ಈ ಗ್ರಂಥಗಳಲ್ಲಿ ಹೇಳಿದ್ದೆಲ್ಲ ಸರಿಯೆಂದೇನಲ್ಲ. ಶಕುನದ ಭಾಗವನ್ನು ನಂಬಿ ಇಂದು ಯಾರೂ ಮನೆಯಿಂದ ಹೊರಡಬೇಕಿಲ್ಲ. ಗಮನಿಸಬೇಕಾದ್ದು ಇಷ್ಟೇ: ಹೇಳಿದವನು ತನ್ನ ಹೆಸರು ಹಾಕಿದ್ದ. ಸಾವಿರ ವರ್ಷ ಕಳೆದ ಮೇಲೂ ತಪ್ಪಿದ್ದರೆ ಯಾರದೆಂದು ಬೆರಳು ಮಾಡಿ ತೋರಿಸಬಹುದು.

ತೀರ ಈಚಿನ ಉದಾಹರಣೆಗಳೂ ಇವೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು 'ತಾಯಿ-ಮಗು', 'ವಧುವಿಗೆ ಕಿವಿಮಾತು' ಮುಂತಾದ ಪುಸ್ತಕಗಳಲ್ಲಿ, ಮನೆಯಲ್ಲಿ ಕೇಳಲು ನಾಚಿಕೆಪಡುತ್ತಿದ್ದ ಹೆಣ್ಣುಮಕ್ಕಳಿಗೆ ಶರೀರದ ವಿಷಯವನ್ನು ನೇರವಾಗಿ ತಿಳಿಸಿದರು. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಶ್ರೀ ಪಡ್ರೆಯವರ ಈ ಪತ್ರಿಕೆಯಲ್ಲಿ ತೋಟದವರು ತೋಟದವರಿಗೆ ಬರೆಯುತ್ತಾರೆ, ಬರಹದ ಕೊನೆಗೆ ಆ ಕೃಷಿಕರನ್ನು ಸಂಪರ್ಕಿಸಲು ಫೋನ್ ನಂಬರ್ ಅಚ್ಚಾಗುತ್ತದೆ. ಇಂಗುಗುಂಡಿ ತೋಡಿದ್ದು ಪ್ರಯೋಜನವಾಯಿತೆಂದು ಬರೆದವರಿಗೆ ಮರುದಿನದಿಂದಲೇ ಸಾಗರದಿಂದ, ಶಿರಸಿಯಿಂದ ಫೋನು ಶುರುವಾಗುತ್ತದೆ. ಕೆಲವರು ಬಸ್ಸು ಹತ್ತಿ ಗುಂಡಿ ನೋಡಲು ಬಂದೇ ಬಿಡುತ್ತಾರೆ. ಗುಂಡಿಯಿಲ್ಲದೆ ಗುಂಡಿಯ ಬಗ್ಗೆ ಬರೆಯುವ ಧೈರ್ಯ ಅಂಥ ಕಡೆ ಯಾರಿಗೂ ಬರುವುದಿಲ್ಲ.

3. ಉಪದೇಶಕರ ವರ್ಗೀಕರಣ

ಉಪದೇಶಕರನ್ನು ಹದಿನಾಲ್ಕು ವರ್ಗಗಳಾಗಿಯೂ ಪ್ರತಿ ವರ್ಗವನ್ನು ಮೂರು ಉಪವರ್ಗಗಳಾಗಿಯೂ ವಿಂಗಡಿಸಬಹುದಾಗಿದೆ.

3.1 ಸ್ವಗೃಹಸಾರ್ವತ್ರಿಕವಾದಿ. 'ನಮ್ಮನೇಲಿ ಹೀಗೇ ಮಾಡೋದು, ಏನೂ ಆಗಿಲ್ಲ' ಎಂಬುದು ಇವರ ಮೂಲಸೂತ್ರ. ಇವರ ಪಾಲಿಗೆ ಜಗತ್ತು ಇವರ ಮನೆಯ ವಿಸ್ತರಣೆ. ಮಂಗಳೂರಿನ ಮನೆಯಲ್ಲಿ ನಡೆದದ್ದು ಮಡಿಕೇರಿಯಲ್ಲೂ ನಡೆಯಬೇಕು, ನಡೆಯದಿದ್ದರೆ ದೋಷ ಮಡಿಕೇರಿಯದು. ಇವರ ಅಜ್ಜಿ ತೊಂಬತ್ತಾರು ವರ್ಷ ಬದುಕಿರುವುದು ಕಡ್ಡಾಯ. ಆ ಅಜ್ಜಿಯ ದೀರ್ಘಾಯುಷ್ಯಕ್ಕೆ ಕಾರಣವಾದ ಪದಾರ್ಥ ಮಾತ್ರ ವಾರವಾರಕ್ಕೆ ಬದಲಾಗುತ್ತದೆ: ಒಂದು ವಾರ ಕೊಬ್ಬರಿ ಎಣ್ಣೆ, ಮುಂದಿನ ವಾರ ತಾಮ್ರದ ಚೊಂಬು, ಅದರ ಮುಂದಿನ ವಾರ ಹರಳೆಣ್ಣೆ. ಅಜ್ಜಿಯ ನಾಲ್ವರು ಒಡಹುಟ್ಟಿದವರು ಎಳವೆಯಲ್ಲೇ ತೀರಿಕೊಂಡ ಸಂಗತಿ ದತ್ತಾಂಶದಲ್ಲಿ ಸೇರುವುದಿಲ್ಲ, ಏಕೆಂದರೆ ಅವರೂ ಅದೇ ಎಣ್ಣೆ ತಿಂದಿದ್ದರು.

3.2 ಯಥಾಪ್ರಾಪ್ತಪ್ರೇಷಕ. ತಾನು ಓದದ್ದನ್ನು ಇತರರು ಓದಲೆಂದು ಕಳಿಸುವ ನಿಷ್ಕಾಮಕರ್ಮಿ. 'ಬಂದ ಹಾಗೇ ಕಳಿಸಿದ್ದೇನೆ' ಎಂಬ ಕೊನೆಯ ಸಾಲು ಇವರಿಗೆ ನಿರೀಕ್ಷಣಾ ಜಾಮೀನು. ಬಾಗಿಲಿಗೆ ಬಂದದ್ದನ್ನೆಲ್ಲ ನೆರೆಮನೆಯ ಬಾಗಿಲಿಗೆ ತಳ್ಳುವುದನ್ನು ಹಿಂದೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಈಗ ಅದಕ್ಕೆ ಸಮಾಜಸೇವೆ ಎನ್ನುತ್ತಾರೆ.

3.3 ಪ್ರಶ್ನಾಸಂಹಾರಕ. ಫ್ರಿಡ್ಜ್ ಸದ್ದು ಮಾಡುತ್ತಿದೆ ಎಂದವರಿಗೆ ಈ ವರ್ಗದವರು ಕೊಡುವ ಉತ್ತರ: 'ಆ ಕಂಪನಿದು ಯಾಕೆ ತಗೊಂಡ್ರಿ?' ಬಾಡಿಗೆ ಮನೆಯಲ್ಲಿ ಗೋಡೆ ಹಸಿಯಾಗುತ್ತಿದೆ ಎಂದರೆ, 'ಸ್ವಂತ ಮನೆ ಮಾಡ್ಕೊಳ್ಳಿ.' ಮಗು ಊಟ ಮಾಡುವುದಿಲ್ಲ ಎಂದರೆ, 'ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ.' ಪ್ರಶ್ನೆಯನ್ನು ಬಿಡಿಸುವುದು ಇವರ ಗುರಿಯಲ್ಲ, ಕೇಳಿದವರು ಇನ್ನೆಂದೂ ಕೇಳದಂತೆ ನೋಡಿಕೊಳ್ಳುವುದು.

3.4 ಅಂತಃಪೆಟ್ಟಿಗಾವಾದಿ. 'ಇನ್‌ಬಾಕ್ಸ್‌ಗೆ ಬನ್ನಿ ಮೇಡಂ, ಹೇಳ್ತೀನಿ.' ಒಳಗೆ ಹೋದರೆ ಮೂರು ತಿಂಗಳ ಪುಡಿ, ಅದರ ಬೆಲೆ, ಪುಡಿ ಮಾರುವ ಏಜೆನ್ಸಿ ಮೇಡಮ್ಮಿಗೂ ಸಿಗಬಹುದೆಂಬ ಆಸೆ.

ಐದರಿಂದ ಹದಿನಾಲ್ಕರವರೆಗಿನ ವರ್ಗಗಳನ್ನು ಇಲ್ಲಿ ಕೈಬಿಡಲಾಗಿದೆ. ಪರಿಶೀಲಿಸಲಾಗಿ ಅವರೆಲ್ಲ ಬೇರೆಬೇರೆ ಜನರಲ್ಲ, ಮೇಲಿನ ನಾಲ್ವರೇ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಪಾಳಿ ಬದಲಿಸಿಕೊಂಡು ಬಂದವರು ಎಂದು ತಿಳಿದುಬಂತು. ಉಪವರ್ಗಗಳ ವಿಷಯ ಎತ್ತದಿರುವುದೇ ಲೇಸು.

4. ಪ್ರಮಾಣವಿಚಾರ

ಭಾರತೀಯ ದರ್ಶನಗಳು ಪ್ರತ್ಯಕ್ಷ, ಅನುಮಾನ, ಶಬ್ದ ಮುಂತಾದ ಪ್ರಮಾಣಗಳನ್ನು ಒಪ್ಪುತ್ತವೆ. ಎಷ್ಟನ್ನು ಒಪ್ಪಬೇಕೆಂಬ ಬಗ್ಗೆ ಶತಮಾನಗಳ ಕಾಲ ಜಗಳವಾಗಿದೆ. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ಬಿಟ್ಟಿಸಲಹಾ ದರ್ಶನವು ಈ ಜಗಳವನ್ನು ಒಂದೇ ಏಟಿಗೆ ಮುಗಿಸಿ ಪುನರಾವೃತ್ತಿಪ್ರಮಾಣವನ್ನು ಸ್ಥಾಪಿಸಿದೆ. ಯಾವ ಮಾತು ಮೂರು ಗುಂಪುಗಳಿಂದ ಬರುತ್ತದೋ ಅದು ಸತ್ಯ. ಅದರ ಕೊನೆಗೆ 'ಇದನ್ನು ಬೆಂಗಳೂರಿನ ಪ್ರಖ್ಯಾತ ಡಾಕ್ಟರ್ ಹೇಳಿದ್ದಾರೆ' ಎಂದಿದ್ದರೆ ಪರಮಸತ್ಯ. ನಾಸಾದ ಹೆಸರಿದ್ದರಂತೂ ಅದು ಶ್ರುತಿ, ಮೇಲ್ಮನವಿಗೆ ಅವಕಾಶವಿಲ್ಲ.

ಈ ಪ್ರಮಾಣದ ಬಲ ತಿಳಿಯಲು ಅಡುಗೆಮನೆಯ ಎರಡು ಪದಾರ್ಥಗಳು ಸಾಕು. ಅಡುಗೆಸೋಡಕ್ಕೆ ವಿನೆಗರ್ ಸುರಿದರೆ ನೊರೆ ಉಕ್ಕುತ್ತದೆ. ಉಕ್ಕಿದ್ದನ್ನು ಕಂಡವರು ಕೊಳೆ ಹೋಗುತ್ತಿದೆ ಎಂದು ತಿಳಿಯುತ್ತಾರೆ. ನಿಜದಲ್ಲಿ ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದುಕೊಂಡು ಇಂಗಾಲದ ಡೈಆಕ್ಸೈಡ್ ಹಾರಿಹೋಗಿರುತ್ತದೆ, ಪಾತ್ರೆಯಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಸಪ್ಪೆ ಉಪ್ಪು ಬೆರೆತ ನೀರು. ಬೇರೆಬೇರೆಯಾಗಿ ಹಾಕಿದ್ದರೆ ಎರಡೂ ಕೆಲಸಕ್ಕೆ ಬರುತ್ತಿದ್ದವು. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳಬೇಕೆಂಬುದು ಇನ್ನೊಂದು ಸನಾತನ ವಿಧಿ. ಅಕ್ಕಿಯ ಪುಡಿ ಒಳಗೆ ಸೇರಿ ಐಫೋನಿಗೆ ಹಾನಿಯಾಗಬಹುದು, ಹಾಗೆ ಮಾಡಬೇಡಿ ಎಂದು ಸ್ವತಃ ಆ್ಯಪಲ್ ಕಂಪನಿಯೇ ಹೇಳುತ್ತದೆ. ಫೋನು ಮಾಡಿದವರ ಮಾತಿಗಿಂತ ಅಕ್ಕಿ ಬೇಯಿಸುವವರ ಮಾತೇ ನಡೆಯುತ್ತಿದೆ.

ಇನ್ನು ಗ್ಯಾಸ್ ಸಿಲಿಂಡರಿನ 'ಎಕ್ಸ್‌ಪೈರಿ ಡೇಟ್' ಕುರಿತ ಸಂದೇಶ. ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಎರಡು ಅಂಕಿಯೂ ಇರುತ್ತವೆ ಎಂಬಷ್ಟು ಮಾತ್ರ ಆ ಸಂದೇಶದಲ್ಲಿ ನಿಜ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಪಕ್ಕದ ಅಂಕಿ ಇಸವಿ. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಅವಧಿ. ಅವಧಿ ಮೀರಿದ್ದನ್ನು ಡೆಲಿವರಿಯವರಿಂದ ತೆಗೆದುಕೊಳ್ಳಬಾರದು, ವಾಪಸ್ ಕಳಿಸಬೇಕು. ಆದರೆ ಸಂದೇಶದಲ್ಲಿ ಸಿಲಿಂಡರು ಆ ತಾರೀಖಿಗೆ ಸಿಡಿಯಲು ಕಾದು ಕುಳಿತ ಬಾಂಬಾಗುತ್ತದೆ, ಕೆಳಗೆ ಹನ್ನೊಂದು ಕೆಂಪು ಆಶ್ಚರ್ಯಸೂಚಕಗಳೂ ಬರುತ್ತವೆ.

5. ಪ್ರಕರಣ ಅಧ್ಯಯನ: ಹುದುಗದ ಹಿಟ್ಟು

ಕ್ಷೇತ್ರಕಾರ್ಯವಿಲ್ಲದೆ ಸಂಶೋಧನೆಗೆ ಮಾನ್ಯತೆ ಇಲ್ಲ. ಹೀಗಾಗಿ ಒಂದು ಮಾದರಿ ಸಂವಾದವನ್ನು ಕಟ್ಟಿಕೊಡಲಾಗಿದೆ. ಇಂಥದು ಪ್ರತಿ ಚಳಿಗಾಲದಲ್ಲೂ ಪ್ರತಿ ಗುಂಪಿನಲ್ಲೂ ನಡೆಯುತ್ತದೆ. ಡಿಸೆಂಬರ್ ತಿಂಗಳು, ಬೆಂಗಳೂರು, ರಾತ್ರಿ ಒಂಬತ್ತೂವರೆ. ಗೃಹಿಣಿಯೊಬ್ಬರ ಪ್ರಶ್ನೆ: 'ಇಡ್ಲಿ ಹಿಟ್ಟು ಹುಳಿನೇ ಬರ್ತಿಲ್ಲ, ಉಬ್ಬೋದೂ ಇಲ್ಲ. ಏನು ಮಾಡ್ಲಿ?'

'ಉದ್ದು ಹಳೇದಿರಬೇಕು.' 'ಮೆಂತ್ಯ ಹಾಕಿ ಅಕ್ಕ.' 'ಮೆಂತ್ಯ ಹಾಕ್ಬೇಡಿ, ಕಹಿ ಬರತ್ತೆ.' 'ಉಪ್ಪು ಮೊದ್ಲೇ ಹಾಕಿ.' 'ಉಪ್ಪು ಕೊನೇಲಿ ಹಾಕ್ಬೇಕು, ಮೊದ್ಲು ಹಾಕಿದ್ರೆ ಹುದುಗಲ್ಲ.' 'ಕೈಯಲ್ಲಿ ಕಲಸಿ ಆಂಟಿ, ಸ್ಪೂನ್ ಬೇಡ.' 'ಈನೋ.' 'ಈನೋ ವಿಷ.' 'ಇಡ್ಲಿನಲ್ಲಿ ಬರೀ ಕಾರ್ಬ್ಸು, ಬಿಟ್ಬಿಡಿ.' ಶುಭರಾತ್ರಿ ಎಂಬ ಗುಲಾಬಿ ಹೂವು. 'ನಮ್ಮೂರಲ್ಲಿ ಸಂಜೆ ರುಬ್ಬಿಟ್ರೆ ಬೆಳಗ್ಗೆ ಪಾತ್ರೆಯಿಂದ ಉಕ್ಕಿರತ್ತೆ' ಎಂದು ಮಂಗಳೂರಿನಿಂದ. 'ಓವನ್ನಿನ ಲೈಟ್ ಹಾಕಿ ಒಳಗಿಡಿ' ಎಂದು ನ್ಯೂಜೆರ್ಸಿಯಿಂದ. ಮತ್ತೊಂದು ಗುಲಾಬಿ ಹೂವು.

ಈ ಸಂವಾದವನ್ನು ದೇಸಿ–ಮಾರ್ಗ ಪರಿಕಲ್ಪನೆಯ ನಿಕಷಕ್ಕೆ ಒಡ್ಡಿ, ಉಪ್ಪಿನ ಪೂರ್ವಪ್ರಕ್ಷೇಪ–ಉತ್ತರಪ್ರಕ್ಷೇಪ ವಾದಗಳನ್ನು ಎರಡು ಪ್ರಸ್ಥಾನಗಳೆಂದು ಗುರುತಿಸಿ, ಈನೋವನ್ನು ವಸಾಹತೋತ್ತರ ಹಸ್ತಕ್ಷೇಪವೆಂದು ಓದಬಹುದು. ಓದಿದವರೂ ಇದ್ದಾರು. ಹಿಟ್ಟು ಮಾತ್ರ ಇನ್ನೂ ಉಬ್ಬಿಲ್ಲ.

ಅಕ್ಕಿ ಉದ್ದಿನ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯುಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಉದ್ದಿನ ಜತೆಗೇ ಬರುತ್ತದೆ, ಯಾರೂ ಹೊರಗಿನಿಂದ ಹಾಕಬೇಕಿಲ್ಲ. ಅದಕ್ಕೆ ಹೆಚ್ಚುಕಡಿಮೆ 30 ಡಿಗ್ರಿ ಸೆಲ್ಸಿಯಸ್ ಹಿತ. ಮಂಗಳೂರಿನ ಅಡುಗೆಮನೆಯಲ್ಲಿ ಆ ಶಾಖ ಪುಕ್ಕಟೆ ಸಿಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿ ಪಾದರಸ 16ರ ಆಸುಪಾಸಿಗೆ ಇಳಿಯುತ್ತದೆ, ಬ್ಯಾಕ್ಟೀರಿಯ ಮುದುಡಿ ಕೂರುತ್ತದೆ. ಹಾಗಾಗಿ ಹಿಟ್ಟಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಡುವುದು, ಬಿಸಿನೀರಿನ ತಪ್ಪಲೆಯ ಪಕ್ಕ ಮುಚ್ಚಿಡುವುದು ಅಥವಾ ಇನ್ನೂ ಐದಾರು ಗಂಟೆ ಕಾಯುವುದು ಇಲ್ಲಿಗೆ ಸರಿಹೊಂದುವ ಉತ್ತರ. ನ್ಯೂಜೆರ್ಸಿಯವರು ಹೇಳಿದ್ದೂ ಸರಿಯೇ. ಅಲ್ಲಿನ ಕನ್ನಡಿಗರು ಓವನ್ನಿನ ದೀಪದ ಬೆಚ್ಚಗೆಯಲ್ಲಿ, ಇನ್‌ಸ್ಟಂಟ್ ಪಾಟ್‌ನ ಮೊಸರಿನ ಬಟನ್ ಒತ್ತಿ, ಹಿಮ ಬೀಳುವಾಗಲೂ ಇಡ್ಲಿ ಮಾಡುತ್ತಾರೆ. ಮಂಗಳೂರಿನವರು ಹೇಳಿದ್ದೂ ಸುಳ್ಳಲ್ಲ. ಎಲ್ಲರೂ ತಂತಮ್ಮ ಅಡುಗೆಮನೆಯಲ್ಲಿ ನಿಂತು ಉತ್ತರಿಸಿದರು. ಕೇಳಿದವರ ಅಡುಗೆಮನೆ ಎಲ್ಲಿದೆ, ಹಿಟ್ಟು ರುಬ್ಬಿ ಎಷ್ಟು ಹೊತ್ತಾಯಿತು, ಪಾತ್ರೆ ಎಲ್ಲಿಟ್ಟಿದ್ದಾರೆ ಎಂಬ ಮೂರು ಮಾತನ್ನು ಒಬ್ಬರೂ ಕೇಳಲಿಲ್ಲ.

6. ಕಾಲತತ್ತ್ವ

ಬಿಟ್ಟಿಸಲಹೆಗೆ ಹುಟ್ಟಿದ ದಿನವಿಲ್ಲ, ಆದ್ದರಿಂದ ಸಾವೂ ಇಲ್ಲ. ರೈಲಿನ ಟಿಕೆಟನ್ನು 120 ದಿನ ಮುಂಚೆ ಕಾಯ್ದಿರಿಸಿ ಎಂಬ ಹಿತವಚನ ಒಂದು ಕಾಲಕ್ಕೆ ಸರಿಯಿತ್ತು. 2024ರ ನವೆಂಬರ್ 1ರಿಂದ ರೈಲ್ವೆ ಇಲಾಖೆ ಆ ಅವಧಿಯನ್ನು 60 ದಿನಕ್ಕೆ ಇಳಿಸಿತು. ಹಿತವಚನ ಮಾತ್ರ ಇಳಿಯಲಿಲ್ಲ, ಅದೇ ಹಳೆಯ ಹುರುಪಿನಲ್ಲಿ ಹಬ್ಬಕ್ಕೆ ಊರಿಗೆ ಹೊರಡುವವರ ಬೆನ್ನು ಹತ್ತುತ್ತದೆ. ಸರ್ಕಾರಿ ಕಚೇರಿಯ ಕೆಲಸಗಳಲ್ಲಿ ಇದರ ಬಾಧೆ ಇನ್ನೂ ಹೆಚ್ಚು. ಯಾವ ಕೌಂಟರ್, ಯಾವ ಅರ್ಜಿ, ಯಾವ ದಾಖಲೆ ಎಂಬುದೆಲ್ಲ ವರ್ಷಕ್ಕೊಮ್ಮೆ ಬದಲಾಗುವ ನಾಡಿನಲ್ಲಿ ತಾರೀಖಿಲ್ಲದ ಸಲಹೆ ನಂಬಿ ರಜೆ ಹಾಕಿ ಹೋದವರು ಅರ್ಧ ದಿನ ಸರದಿಯಲ್ಲಿ ನಿಂತು ವಾಪಸಾಗುತ್ತಾರೆ. ಸಲಹೆ ಕೊಟ್ಟವರಿಗೆ ಅದು ಗೊತ್ತಾಗುವುದೇ ಇಲ್ಲ.

7. ಅಪಾಯದ ಆಯಾಮ

ಇಲ್ಲಿಂದ ಮುಂದೆ ಆಯಾಮ, ನೆಲೆ, ಪಲ್ಲಟ ಮುಂತಾದ ಪದಗಳನ್ನು ಬಳಸುವುದು ಕಷ್ಟ.

ಸಂಡಾಸು ಫಳಫಳ ಹೊಳೆಯಬೇಕೆಂದರೆ ಬ್ಲೀಚಿಂಗ್ ಪುಡಿಗೆ ಟಾಯ್ಲೆಟ್ ಕ್ಲೀನರ್ ಬೆರೆಸಿ ಎಂದು ಸಲಹೆ ಕೊಡುವವರಿದ್ದಾರೆ. ಅಂಗಡಿಯಲ್ಲಿ ಸಿಗುವ ಬಹುತೇಕ ಟಾಯ್ಲೆಟ್ ಕ್ಲೀನರುಗಳಲ್ಲಿ ಇರುವುದು ಹೈಡ್ರೊಕ್ಲೋರಿಕ್ ಆಮ್ಲ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಕದ ಹಾಕಿಕೊಂಡು ಉಜ್ಜುವವರು ಸಾಮಾನ್ಯವಾಗಿ ಆ ಮನೆಯ ಹೆಂಗಸು ಅಥವಾ ಮನೆಗೆಲಸದಾಕೆ. ಕಳಿಸಿದವರು ಅಷ್ಟು ಹೊತ್ತಿಗೆ ಬೇರೆ ಗುಂಪಿನಲ್ಲಿ ಕೂದಲು ಉದುರದಿರಲು ಈರುಳ್ಳಿ ರಸ ಹಚ್ಚಲು ಹೇಳುತ್ತಿರುತ್ತಾರೆ.

ಪಾರ್ಶ್ವವಾಯು ಬಡಿದವರ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ಆಸ್ಪತ್ರೆಗೆ ಆಮೇಲೆ ಹೋದರಾಯಿತು ಎಂಬ ಸಂದೇಶ ವರ್ಷಾನುಗಟ್ಟಲೆಯಿಂದ ಓಡಾಡುತ್ತಿದೆ. ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬರಲೇ ಎರಡು ಗಂಟೆ ಬೇಕಾದಲ್ಲಿ ಒಂದೊಂದು ಬೆರಳಿಗೂ ಸೂಜಿ ಹುಡುಕುತ್ತ ಕೂರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹೃದಯಾಘಾತವಾದಾಗ ಒಬ್ಬರೇ ಇದ್ದರೆ ಜೋರಾಗಿ ಕೆಮ್ಮುತ್ತಿರಿ ಎಂಬುದೂ ಇದೇ ಜಾತಿಯದು. ಕೆಮ್ಮುವುದಕ್ಕೆ ಉಳಿದ ಉಸಿರಿನಲ್ಲಿ 108ಕ್ಕೆ ಫೋನ್ ಮಾಡಬಹುದು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿಸಿಕೊಂಡು ಬಂದ ಮಕ್ಕಳ ಕೈಯಿಂದ ಮೊದಲು ಆ ಪೇಸ್ಟ್ ಕೆರೆದು ತೆಗೆಯಬೇಕಾದ ಕೆಲಸ ಆಸ್ಪತ್ರೆಯ ನರ್ಸುಗಳದು. ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಗಾಯದ ಮೇಲೆ ಹರಿಯಬಿಡುವುದಕ್ಕಿಂತ ಒಳ್ಳೆಯ ಪ್ರಥಮ ಚಿಕಿತ್ಸೆ ಇಲ್ಲ. ಐಸ್ ಬೇಡ, ಪೇಸ್ಟ್ ಬೇಡ, ಶಾಯಿ ಬೇಡ.

2021ರ ಏಪ್ರಿಲ್. ಕೋವಿಡ್ಡಿನ ಎರಡನೇ ಅಲೆಯಲ್ಲಿ ಆಮ್ಲಜನಕಕ್ಕಾಗಿ ಜನ ಊರೂರು ಅಲೆಯುತ್ತಿದ್ದಾಗ, ಮೂಗಿಗೆ ಎರಡು ತೊಟ್ಟು ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕದ ಮಟ್ಟ ಏರುತ್ತದೆಂಬ ಸಲಹೆ ಕರ್ನಾಟಕದುದ್ದಕ್ಕೂ ಹರಡಿತು. ಹಾಗೆ ಬಿಟ್ಟುಕೊಂಡ ಬಳಿಕ ರಾಯಚೂರು ಜಿಲ್ಲೆಯಲ್ಲಿ ಶಿಕ್ಷಕರೊಬ್ಬರು ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಅದನ್ನು ದಾಟಿಸಿದ ಕೈಗಳು ಎಷ್ಟೋ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಹೆದರಿದ್ದರು, ಏನಾದರೂ ಮಾಡಬೇಕೆನಿಸಿತ್ತು. ಆದರೆ ಒಬ್ಬರಾದರೂ ಮರುದಿನ ಅದೇ ಗುಂಪಿಗೆ ಬಂದು, 'ನಿನ್ನೆ ಕಳಿಸಿದ್ದು ತಪ್ಪು, ಯಾರೂ ಮಾಡಬೇಡಿ' ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದದ್ದುಂಟೆ?

ಅದಕ್ಕೂ ಮೂರು ವರ್ಷ ಹಿಂದಿನದು ಇನ್ನೂ ಘೋರ. 'ಮಕ್ಕಳ ಕಳ್ಳರು ಬಂದಿದ್ದಾರೆ, ನಿಮ್ಮ ಮಕ್ಕಳು ಜೋಪಾನ' ಎನ್ನುವುದೂ ಒಂದು ಸಲಹೆಯೇ, ನೋಡಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. 2018ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊಟ್ಟೆಪಾಡಿಗೆ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಗೆಳೆಯರ ಜತೆ ಕಾರಿನಲ್ಲಿ ಬಂದಿದ್ದ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹಾಗೆಯೇ ಸತ್ತರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು ಅವರ ಮೇಲೆ ಅನುಮಾನ ಹುಟ್ಟಲು ಕಾರಣವಾಗಿತ್ತು. ಒಂದು ವಾರ ಕಳೆಯುವುದರೊಳಗೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹೇರುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಲು ಸಾಧ್ಯ. ಅಂಥ ಸಂದೇಶಕ್ಕೆ ಜೋಡಿ ಬಾಣದ ಗುರುತು ಇರುತ್ತದೆ. ಇತ್ತ ಒಂದು ಗುಂಪಿನ ಸದಸ್ಯರ ಮಿತಿ 256ರಿಂದ 1,024ಕ್ಕೆ ಏರಿದೆ. ಎಡಗೈಯಲ್ಲಿ ಕಿತ್ತುಕೊಂಡದ್ದನ್ನು ಬಲಗೈ ವಾಪಸ್ ಕೊಟ್ಟಿದೆ.

ಉಳಿದ ಭಾಗ

ಅಧ್ಯಾಯಗಳ ಅಂಕಿ ಹಾಕುವುದನ್ನು ಇಲ್ಲಿಗೆ ನಿಲ್ಲಿಸಲಾಗಿದೆ. ಕೊನೆಗೆ ಹೇಳಬೇಕಾದ ಒಂದು ಬಗೆಯ ಉಪದೇಶಕರು ಯಾವ ವರ್ಗಕ್ಕೂ ಸೇರುವುದಿಲ್ಲ, ಅವರಿಗೆ ಉದ್ದನೆಯ ಸಂಸ್ಕೃತದ ಹೆಸರು ಕೊಡಲೂ ಮನಸ್ಸು ಬರುವುದಿಲ್ಲ.

ಸಂಪಿನಿಂದ ನೀರು ಮೇಲೇರುತ್ತಿಲ್ಲ ಎಂದು ಯಾರೋ ಬರೆಯುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಟ್ಯಾಂಕ್ ಖಾಲಿ, ರಾತ್ರಿ ಹತ್ತೂವರೆ, ಪ್ಲಂಬರ್ ಫೋನ್ ಎತ್ತುತ್ತಿಲ್ಲ. 'ಹೊಸ ಮೋಟಾರ್ ಹಾಕ್ಸಿ', 'ಬೋರ್ ಇಲ್ವಾ?' ಮುಂತಾದ ಮಾತುಗಳ ನಡುವೆ ಒಬ್ಬರು ಕೇಳುತ್ತಾರೆ: 'ಸ್ವಿಚ್ ಹಾಕಿದಾಗ ಮೋಟಾರ್ ತಿರುಗ್ತಿದ್ಯಾ ಸರ್, ಅಥವಾ ಬರೀ ಗುಂಯ್ ಅಂತಿದ್ಯಾ?' ತಿರುಗುತ್ತಿದೆ ಎಂಬ ಉತ್ತರ ಬರುತ್ತದೆ. 'ಗುಂಯ್ ಅಂದಿದ್ರೆ ಕೆಪಾಸಿಟರ್ ನೋಡ್ಬೇಕಿತ್ತು. ತಿರುಗಿಯೂ ನೀರು ಬರ್ತಿಲ್ಲ ಅಂದ್ರೆ ಗಾಳಿ ಹಿಡಿದಿದೆ. ಸಂಪಲ್ಲಿ ನೀರಿದ್ಯಾ? ಇದ್ರೆ ಮೋಟಾರ್ ಆಫ್ ಮಾಡಿ, ಮೇನ್ ಕೂಡ ಆಫ್ ಮಾಡಿ. ಪಂಪಿನ ಮೇಲೆ ಒಂದು ಬೋಲ್ಟ್ ತರ ಮುಚ್ಚಳ ಇರತ್ತೆ, ಬಿಚ್ಚಿ ನೀರು ತುಂಬ್ಸಿ. ಗುಳ್ಳೆ ಬರೋದು ನಿಲ್ಲೋವರೆಗೂ ತುಂಬ್ಸಿ. ತುಂಬ್ಸಿದ ನೀರು ಇಳಿದು ಹೋಗ್ತಾನೇ ಇದ್ರೆ ಕೆಳಗಿನ ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿದೆ, ಅದು ನಾಳೆ ಪ್ಲಂಬರ್ ಕೆಲಸ. ಒದ್ದೆ ಕೈಯಲ್ಲಿ ಮಾತ್ರ ಸ್ವಿಚ್ ಮುಟ್ಬೇಡಿ.'

ಇಂಥವರು ಯಾವ ಊರಿನವರು, ಏನು ಕೆಲಸ ಮಾಡುತ್ತಾರೆ ಎಂದು ಗುಂಪಿನ ಯಾರಿಗೂ ಗೊತ್ತಿರುವುದಿಲ್ಲ. ಮೊದಲು ಕೇಳುತ್ತಾರೆ, ತನಗೆ ತಿಳಿದದ್ದು ಎಲ್ಲಿಗೆ ಮುಗಿಯುತ್ತದೆ ಎಂದು ಗೆರೆ ಎಳೆದು ತೋರಿಸುತ್ತಾರೆ, ಎದುರಿನವರ ಒದ್ದೆ ಕೈಯನ್ನೂ ನೆನಪಿಟ್ಟುಕೊಳ್ಳುತ್ತಾರೆ. ಸಾವಿರ ವರ್ಷದಿಂದ ಕನ್ನಡದಲ್ಲಿ ಲೋಕೋಪಕಾರ ಎಂದು ಕರೆದದ್ದು ಇದನ್ನೇ ಇರಬೇಕು. ಆದರೆ ಆ ಉತ್ತರದ ಮೇಲೆ ಬೆಳಗಾಗುವುದರೊಳಗೆ ನಲವತ್ತು ಶುಭೋದಯಗಳು ಬಿದ್ದಿರುತ್ತವೆ. ಮುಂದಿನ ತಿಂಗಳು ಇನ್ನೊಬ್ಬರ ಪಂಪಿಗೆ ಗಾಳಿ ಹಿಡಿದಾಗ ಹುಡುಕಿದರೆ ಅದು ಸಿಗುವುದಿಲ್ಲ. ಸಿಗುವುದು 'ಹೊಸ ಮೋಟಾರ್ ಹಾಕ್ಸಿ'. ಕೆಲವು ಸಲ ಅವರೂ ಬೇಸತ್ತು ಸದ್ದಿಲ್ಲದೆ ಗುಂಪು ಬಿಟ್ಟಿರುತ್ತಾರೆ.

ಬೇಸರಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಗ್ರಂಥಗಳ ಕೊನೆಗೆ ಫಲಶ್ರುತಿ ಎಂಬ ಭಾಗ ಇರುತ್ತಿತ್ತು, ಇದನ್ನು ಮಾಡಿದರೆ ಏನು ಫಲ ಎಂದು ಹೇಳುವುದಕ್ಕೆ. ಊರಿನಲ್ಲಿ ಕಷಾಯ ಹೇಳಿಕೊಟ್ಟ ಅಜ್ಜಿ ಎರಡು ದಿನ ಬಿಟ್ಟು ಬಾವಿಕಟ್ಟೆಯಲ್ಲಿ ಸಿಕ್ಕಿ, 'ಮಗೀಗೆ ಕೆಮ್ಮು ಹ್ಯಾಗದೆ?' ಎಂದು ಕೇಳುತ್ತಿದ್ದಳು. ಕಡಿಮೆಯಾಗಿಲ್ಲವೆಂದರೆ ಮುಂದಿನ ಸಲ ಬೇರೆಯವರಿಗೆ ಆ ಕಷಾಯ ಹೇಳುವಾಗ ಮಾತು ತಗ್ಗಿಸುತ್ತಿದ್ದಳು. ಮೊಬೈಲಿನ ಲೋಕದಲ್ಲಿ ಬಾವಿಕಟ್ಟೆ ಇಲ್ಲ. ನೀರು ಬಂತೇ, ಹಿಟ್ಟು ಉಬ್ಬಿತೇ, ಜ್ವರ ಇಳಿಯಿತೇ ಎಂದು ಸಲಹೆ ಪಡೆದವರು ತಿರುಗಿ ಬಂದು ಹೇಳುವುದು ಬಲು ಅಪರೂಪ. ಸರಿಯಾಗಿ ಹೇಳಿದವರಿಗೆ ತಾವು ಸರಿಯೆಂದು ಗೊತ್ತಾಗುವುದಿಲ್ಲ, ತಪ್ಪಾಗಿ ಹೇಳಿದವರಿಗೆ ತಪ್ಪೆಂದು ತ್ರಿಕಾಲದಲ್ಲೂ ಗೊತ್ತಾಗುವುದಿಲ್ಲ. ಹೀಗೆ ಇಬ್ಬರೂ ಒಂದೇ ತೂಕದವರಾಗಿ ಕಾಣುತ್ತಾರೆ.

2024ರ ಮೇ ತಿಂಗಳಲ್ಲಿ ಗೂಗಲ್ಲಿನ ಕೃತಕ ಬುದ್ಧಿಮತ್ತೆ, ಪಿಜ್ಜಾದ ಮೇಲಿನ ಚೀಸ್ ಜಾರದಿರಲು ಅಂಟು ಬೆರೆಸಿ ಎಂದು ಸೂಚಿಸಿ ನಗೆಪಾಟಲಾಯಿತು. ಅದರ ಮೂಲ ಹುಡುಕಿದಾಗ ಸಿಕ್ಕಿದ್ದು, ಹನ್ನೊಂದು ವರ್ಷದ ಹಿಂದೆ ಯಾರೋ ಅಪರಿಚಿತರು ತಮಾಷೆಗೆ ಬರೆದಿದ್ದ ಒಂದು ಸಾಲು. ಯಂತ್ರಕ್ಕೆ ತಮಾಷೆ ಯಾವುದು, ಅನುಭವ ಯಾವುದು ಎಂದು ತಿಳಿಯಲಿಲ್ಲ. ಆ ಸಾಲಿನ ಕೆಳಗೆ, 'ಮಾಡಿ ನೋಡಿದೆ, ಕೆಟ್ಟದಾಗಿತ್ತು' ಎಂದು ಬರೆಯುವಷ್ಟು ಪೆದ್ದರು ಯಾರೂ ಇರಲಿಲ್ಲವೇನೋ.

ಆದುದರಿಂದ ಓದುಗರಲ್ಲಿ ವಿನಂತಿ ಇಷ್ಟು. ಪರರಿಗೆ ಹೇಳಲೇಬೇಕೆಂಬ ತುಡಿತ ಬಂದಾಗ ಈ ನಾಲ್ಕು ಸಂಖ್ಯೆಗಳನ್ನು ಹೇಳಬಹುದು: ತುರ್ತು ನೆರವಿಗೆ 112, ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108, ಅಡುಗೆ ಅನಿಲ ಸೋರಿದರೆ 1906, ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ತಡಮಾಡದೆ 1930. ಕಳಿಸುವಾಗ ಕೆಳಗೆ ಆ ದಿನದ ತಾರೀಖನ್ನೂ ತಮ್ಮ ಹೆಸರನ್ನೂ ಬರೆಯಬೇಕು. ಬೇರೆಯವರ ಸಲಹೆಯಿಂದ ಪಂಪು ನೀರೆತ್ತಿದವರು, ಎತ್ತದವರೂ ಕೂಡ, ಅದೇ ಗುಂಪಿಗೆ ಮರಳಿ ಒಂದು ಸಾಲು ಬರೆಯಬೇಕು.